ಅಡಿಕೆ ದುಡ್ಡಲ್ಲಿ ಗ್ರಾಫಿಕ್ಸ್ ಕಾರ್ಡು: ಈಗಲೇ ತರುವುದಾ, ಕಾಯುವುದಾ?

ಪೆರ್ಲದಲ್ಲಿರುವ ನನ್ನ ಚಿಕ್ಕಮ್ಮನ ಮಗ ಮೊನ್ನೆ ರಾತ್ರಿ ಹತ್ತೂವರೆಗೆ ಫೋನು ಮಾಡಿದ. "ಅಣ್ಣ, ಅಪ್ಪ ಅಡಿಕೆ ಕೊಟ್ಟಿದ್ದಾರೆ. ನನಗೆ ಮೂವತ್ತು ಸಾವಿರ ಕೊಡಲು ಒಪ್ಪಿದ್ದಾರೆ. ನಾಳೆ ಮಂಗಳೂರಿಗೆ ಹೋಗಿ ಹೊಸ ಗ್ರಾಫಿಕ್ಸ್ ಕಾರ್ಡು ತರುವುದಾ, ಇನ್ನೂ ಸ್ವಲ್ಪ ಕಾಯುವುದಾ?"

ಕಾಯುವ ವಿದ್ಯೆ ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಚಾಲಿ ಅಡಿಕೆಯನ್ನು ಅಟ್ಟದಲ್ಲಿ ಒಂದು ವರ್ಷ ಇಟ್ಟರೆ ಹೊಸತಕ್ಕಿಂತ ಹಳತಕ್ಕೇ ರೇಟು ಜಾಸ್ತಿ. ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸಿಕೊಡುವ ಗ್ರಾಫಿಕ್ಸ್ ಕಾರ್ಡಿನದ್ದು ಉಲ್ಟಾ: ಕೈಯಲ್ಲಿರುವ ಹಳೇ ಕಾರ್ಡಿನ ಬೆಲೆ ದಿನಾ ಇಳಿಯುತ್ತದೆ, ಹೊಸತರ ಬೆಲೆ ಮಾತ್ರ ಇಳಿದೇ ಇಳಿಯುತ್ತದೆ ಎಂಬ ಗ್ಯಾರಂಟಿ ಇಲ್ಲ. ಹಾಗಾಗಿ "ಸ್ವಲ್ಪ ಕಾಯಿ" ಎಂದು ಸುಮ್ನೆ ಹೇಳಿಬಿಟ್ಟರೆ ಅದು ಸಲಹೆ ಆಗುವುದಿಲ್ಲ. ಯಾವುದಕ್ಕಾಗಿ ಕಾಯುವುದು, ಎಲ್ಲಿಯವರೆಗೆ ಕಾಯುವುದು ಎಂದೂ ಹೇಳಬೇಕು.

ಅವನ ಕಂಪ್ಯೂಟರು 2018ರದ್ದು. ಇಂಟೆಲ್ ಐ5 8400 ಪ್ರೊಸೆಸರ್, ಎನ್‌ವಿಡಿಯಾ ಕಂಪೆನಿಯ ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡು, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 450 ವ್ಯಾಟಿನ ಪವರ್ ಸಪ್ಲೈ, 1080ಪಿ 60 ಹರ್ಟ್ಸ್ ಮಾನಿಟರು. ನಮ್ಮ ಕಡೆಯ ಅರ್ಧದಷ್ಟು ಮನೆಗಳಲ್ಲಿ ಇಂಥದ್ದೇ ಒಂದು ಡಬ್ಬ ಮೂಲೆಯಲ್ಲಿ ಕೂತಿರುತ್ತದೆ, ಅಲ್ವಾ? ಅದಕ್ಕೇ ಅವನ ಜೊತೆ ಒಂದು ಭಾನುವಾರ ಕೂತು ಮಾಡಿದ್ದನ್ನೇ ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ದೂರು ಏನೆಂದು ಕಾಗದದಲ್ಲಿ ಬರೆಯಿರಿ

"ಎಂತ ತೊಂದರೆ ಮಾರಾಯ?" ಎಂದು ಕೇಳಿದೆ. "ಸ್ಲೋ" ಎಂದ. ಇದು ದೂರೇ ಅಲ್ಲ. ಡಾಕ್ಟರ ಹತ್ತಿರ ಹೋಗಿ "ಹುಷಾರಿಲ್ಲ" ಎಂದು ಮಾತ್ರ ಹೇಳಿ ಕೂತರೆ ಅವರು ಯಾವ ಮದ್ದು ಕೊಡಬೇಕು? ಯಾವ ಗೇಮು, ಯಾವ ಸೆಟ್ಟಿಂಗು, ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬರುತ್ತದೆ, ಎಷ್ಟು ಬಂದರೆ ಸಾಕು, ಇಷ್ಟನ್ನೂ ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ನಿಮಗೆ ಹೊಸ ಕಾರ್ಡು ಬೇಡ, ಯಾವುದೋ ವಿಡಿಯೋ ನೋಡಿ ಆಸೆ ಹುಟ್ಟಿದೆ ಅಷ್ಟೆ. ಆಸೆ ತಪ್ಪಲ್ಲ, ಆದರೆ ಅದಕ್ಕೆ ಅವಸರವೂ ಇಲ್ಲ.

ತುಂಬಾ ಕೆದಕಿದ ಮೇಲೆ ಅವನ ಪಟ್ಟಿಯಲ್ಲಿ ಮೂರು ದೂರುಗಳು ಉಳಿದವು. ಒಂದು, ಗೆಳೆಯರ ಜೊತೆ ಆನ್‌ಲೈನಿನಲ್ಲಿ ಆಡುವ ಶೂಟಿಂಗ್ ಗೇಮಿನಲ್ಲಿ ಗಲಾಟೆ ಜೋರಾದಾಗ ಚಿತ್ರ ತಡವರಿಸುತ್ತದೆ. ಎರಡು, 2025ರಲ್ಲಿ ಬಂದ 'ಡೂಮ್: ದ ಡಾರ್ಕ್ ಏಜಸ್' ಇದರಲ್ಲಿ ಓಡುವುದೇ ಇಲ್ಲ. ಮೂರು, ಯಕ್ಷಗಾನ ಬಯಲಾಟದ ವಿಡಿಯೋ ಎಡಿಟ್ ಮಾಡುವಾಗ ಟೈಮ್‌ಲೈನ್ (ವಿಡಿಯೋ ತುಂಡುಗಳನ್ನು ಜೋಡಿಸುವ ಪಟ್ಟಿ) ಹಿಡಿದು ಹಿಡಿದು ಚಲಿಸುತ್ತದೆ, ಚೆಂಡೆಯ ಪೆಟ್ಟು ಒಂದು ಕಡೆ, ಕುಣಿತ ಇನ್ನೊಂದು ಕಡೆ.

ಅವನ ಪ್ರಕಾರ ಮೂರಕ್ಕೂ ಮದ್ದು ಒಂದೇ, ಹೊಸ ಕಾರ್ಡು. ಮೂರಕ್ಕೂ ಕಾರಣ ಬೇರೆ ಬೇರೆ ಎಂದು ಗೊತ್ತಾಗಲು ನಮಗೆ ಸಂಜೆಯಾಯಿತು.

ಹಂತ 2: ದುಡ್ಡಿಗಿಂತ ಮೊದಲು ಬ್ರಷ್ಷು

ಕ್ಯಾಬಿನೆಟ್ಟನ್ನು ಜಗಲಿಗೆ ತಂದು ಬಾಗಿಲು ತೆಗೆದೆವು. ಒಳಗೆ ನೋಡಬೇಕಿತ್ತು ನೀವು. ಅವರ ಮನೆಯಲ್ಲಿ ಅಡಿಕೆ ಸುಲಿಯುವುದು ಇದೇ ಜಗಲಿಯಲ್ಲಿ, ಕಂಪ್ಯೂಟರು ಇರುವುದು ಅದರ ಪಕ್ಕದ ಕೋಣೆಯಲ್ಲಿ. ಕಾರ್ಡಿನ ಶಾಖ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕಿನ ಮೇಲೆ ಸಿಪ್ಪೆಯ ನಾರು ಮತ್ತು ಕೆಂಪು ಧೂಳು ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಫ್ಯಾನಿನ ಹಿಂದೆ ಒಡೆದ ಹಲ್ಲಿ ಮೊಟ್ಟೆಯ ಸಿಪ್ಪೆ ಎರಡು. ಚಿಕ್ಕಮ್ಮ ಇಣುಕಿ ನೋಡಿ "ಇದಕ್ಕೆ ಮೂವತ್ತು ಸಾವಿರದ ಹೊಸತು ಬೇರೆ ಬೇಕಾ ನಿನಗೆ" ಎಂದು ಹೇಳಿ ಒಳಗೆ ಹೋದರು.

ಪೈಂಟ್ ಮಾಡುವ ಮೆತ್ತನೆಯ ಒಣ ಬ್ರಷ್ಷು ಸಾಕು. ಬ್ಲೋವರ್ ಇದ್ದರೆ ಉಪಯೋಗಿಸಿ, ಆದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಗಾಳಿಗೆ ಅದು ಅತಿವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ಲಗ್ಗು ತೆಗೆದೇ ಈ ಕೆಲಸ ಮಾಡಿ ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಐದಾರು ವರ್ಷ ಹಳೆಯ ಕಾರ್ಡಾದರೆ ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಒಳಗಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಹಳತನ್ನು ಒರೆಸಿ, ಬಟಾಣಿ ಗಾತ್ರದ ಹೊಸ ಪೇಸ್ಟ್ ಹಾಕಬೇಕು. ವಾರಂಟಿ ಇನ್ನೂ ಇದ್ದರೆ ಮಾತ್ರ ಬಿಚ್ಚಬೇಡಿ.

ಇದರಿಂದ ಏನು ಲಾಭ? ಜಿಟಿಎಕ್ಸ್ 1060 ಸುಮಾರು 83 ಡಿಗ್ರಿ ಮುಟ್ಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇವನದ್ದು 84ರಲ್ಲಿ ಓಡುತ್ತಿತ್ತು, ಅಂದರೆ ಇಷ್ಟು ದಿನ ಉಸಿರು ಕಟ್ಟಿಕೊಂಡೇ ಕೆಲಸ ಮಾಡುತ್ತಿತ್ತು. ಸ್ವಚ್ಛ ಮಾಡಿ ಪೇಸ್ಟ್ ಬದಲಿಸಿದ ಮೇಲೆ 71ಕ್ಕೆ ಇಳಿಯಿತು. ಕುಂಬಳೆ, ಉಪ್ಪಳದ ಕಡೆ ಹೆದ್ದಾರಿ ಪಕ್ಕ ಮನೆ ಇರುವವರು, ರಸ್ತೆ ಅಗಲ ಮಾಡುವಾಗ ಎಷ್ಟು ಧೂಳು ತಿಂದಿದ್ದೀರಿ ಎಂದು ನಿಮಗೇ ಗೊತ್ತು. ನಿಮ್ಮ ಕಾರ್ಡೂ ಅಷ್ಟೇ ತಿಂದಿದೆ.

ಹಂತ 3: ಅಳೆಯಿರಿ

ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಯಾವ ಕಂಪೆನಿಯ ಕಾರ್ಡಿಗೂ ಆಗುತ್ತದೆ. ಅದರ ಜೊತೆ ಬರುವ ರಿವಾಟ್ಯೂನರ್ ಹಾಕಿಕೊಂಡರೆ ಗೇಮು ಓಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ. ಎಫ್‌ಪಿಎಸ್, ಕಾರ್ಡು ಎಷ್ಟು ಶೇಕಡಾ ದುಡಿಯುತ್ತಿದೆ, ಕಾರ್ಡಿನ ಮೆಮೊರಿ ಎಷ್ಟು ತುಂಬಿದೆ, ಪ್ರೊಸೆಸರಿನ ಪ್ರತಿ ಕೋರ್ ಎಷ್ಟು ದುಡಿಯುತ್ತಿದೆ, ರ‍್ಯಾಮ್ ಎಷ್ಟು ತುಂಬಿದೆ, ಇಷ್ಟನ್ನು ಆನ್ ಮಾಡಿ. ವಿ-ಸಿಂಕ್ (ಎಫ್‌ಪಿಎಸ್ಸನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗು) ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಅಂಕಿಗಳು ಸುಳ್ಳು ಹೇಳುತ್ತವೆ. ಆಮೇಲೆ ಇಪ್ಪತ್ತು ನಿಮಿಷ, ಎಲ್ಲಿ ತಡವರಿಸುತ್ತದೋ ಅದೇ ಜಾಗದಲ್ಲಿ ಆಡಿ.

ತಡವರಿಸುವಾಗ ಕಾರ್ಡು 95ರಿಂದ 99 ಶೇಕಡಾ ದುಡಿಯುತ್ತಿದ್ದರೆ ತಪ್ಪು ಕಾರ್ಡಿನದ್ದೇ. 60, 70ರಲ್ಲಿ ಆರಾಮವಾಗಿ ಕೂತಿದ್ದರೆ ಅದು ಯಾರಿಗೋ ಕಾಯುತ್ತಿದೆ ಎಂದು ಅರ್ಥ. ಹೆಚ್ಚಾಗಿ ಪ್ರೊಸೆಸರಿಗೆ ಅಥವಾ ರ‍್ಯಾಮಿಗೆ. ನಂಬಿಕೆ ಬಾರದಿದ್ದರೆ ರೆಸಲ್ಯೂಷನ್ನನ್ನು, ಅಂದರೆ ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆಯನ್ನು, 1080ಪಿಯಿಂದ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಆಡಿ ನೋಡಿ. ಎಫ್‌ಪಿಎಸ್ ಏರಲಿಲ್ಲ ಎಂದಾದರೆ ಒಂದು ಲಕ್ಷದ ಕಾರ್ಡು ಹಾಕಿದರೂ ಆ ಜಾಗದಲ್ಲಿ ಏರುವುದಿಲ್ಲ.

ಇವನ ಶೂಟಿಂಗ್ ಗೇಮಿನಲ್ಲಿ ಕಾರ್ಡು 65ರ ಆಸುಪಾಸಿನಲ್ಲಿತ್ತು, 8 ಜಿಬಿ ರ‍್ಯಾಮ್ ಪೂರ್ತಿ ತುಂಬಿ ತುಳುಕುತ್ತಿತ್ತು. ಮೊದಲ ದೂರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಂಬಂಧವೇ ಇಲ್ಲ! ಒಂದು ಸೆಕೆಂಡ್ ಹ್ಯಾಂಡ್ 8 ಜಿಬಿ ಡಿಡಿಆರ್4 ಸ್ಟಿಕ್ ತಂದು ಪಕ್ಕದಲ್ಲಿ ಕೂರಿಸಿದೆವು. ಎರಡು ಸ್ಟಿಕ್ ಆದಾಗ ಡ್ಯುಯಲ್ ಚಾನೆಲ್ ಆಗಿ ರ‍್ಯಾಮಿನ ದಾರಿಯೂ ಎರಡು ಪಟ್ಟು ಅಗಲವಾಗುತ್ತದೆ. ಗಲಾಟೆಯ ಹೊತ್ತಲ್ಲಿ 38ಕ್ಕೆ ಕುಸಿಯುತ್ತಿದ್ದ ಎಫ್‌ಪಿಎಸ್ 55ರ ಕೆಳಗೆ ಹೋಗಲಿಲ್ಲ.

ಕಾರ್ಡಿನ ಮೆಮೊರಿಯ ಅಂಕಿಯನ್ನೂ ಮರೆಯದೆ ನೋಡಿ. ಎಫ್‌ಪಿಎಸ್ ಚೆನ್ನಾಗಿಯೇ ಇದ್ದು, ತಿರುಗಿ ನೋಡಿದ ಕೂಡಲೇ ಒಂದು ಕ್ಷಣ ಕಲ್ಲಾಗುತ್ತದೆ, ಗೋಡೆಯ ಚಿತ್ರ ಮಸುಕಾಗಿ ಆಮೇಲೆ ಸ್ಪಷ್ಟವಾಗುತ್ತದೆ ಎಂದಾದರೆ ಹೆಚ್ಚಾಗಿ ಮೆಮೊರಿ ಸಾಲುತ್ತಿಲ್ಲ. ಟೆಕ್ಸ್ಚರ್ ಸೆಟ್ಟಿಂಗನ್ನು ಒಂದು ಹಂತ ಇಳಿಸಿ ನೋಡಿ. ಖರ್ಚಿಲ್ಲ.

ಹಂತ 4: ಮಾನಿಟರಿನ ಹಿಂದೆ ಬರೆದದ್ದನ್ನು ಓದಿ

60 ಹರ್ಟ್ಸಿನ ಮಾನಿಟರು ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಕಾರ್ಡು 110 ಕೊಟ್ಟರೂ ಕಣ್ಣಿಗೆ ಹೆಚ್ಚುಕಮ್ಮಿ ದಂಡ. ಮಾನಿಟರು ಬದಲಿಸುವ ಯೋಚನೆ ಇದ್ದರೆ ಅದನ್ನು ಕಾರ್ಡಿಗಿಂತ ಮೊದಲು ತೀರ್ಮಾನಿಸಿ. 1440ಪಿಯಲ್ಲಿ 1080ಪಿಗಿಂತ ಸುಮಾರು 1.8 ಪಟ್ಟು ಪಿಕ್ಸೆಲ್‌ಗಳು, 4ಕೆಯಲ್ಲಿ ನಾಲ್ಕು ಪಟ್ಟು. 1080ಪಿಗೆ 8 ಜಿಬಿಯ ಕಾರ್ಡು ಈಗಲೂ ನಡೆಯುತ್ತದೆ. 1440ಪಿಗೆ ಹೊಸದಾಗಿ ದುಡ್ಡು ಹಾಕುವವರು 12 ಅಥವಾ 16 ಜಿಬಿಯದ್ದನ್ನೇ ನೋಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಹಂತ 5: ಹೊಸ ಸೊಸೆಗೆ ಮನೆ ಹೊಂದುತ್ತದಾ?

ಇಲ್ಲಿ ಎಡವುವವರೇ ಜಾಸ್ತಿ. ಕಾರ್ಡು ತಂದ ಮೇಲೆ ಗೊತ್ತಾಗುತ್ತದೆ, ಕ್ಯಾಬಿನೆಟ್ಟಿನ ಒಳಗೆ ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬರುತ್ತದೆ ಎಂದು. ಟೇಪು ಹಿಡಿದು, ಹಿಂದಿನ ಪಟ್ಟಿಯಿಂದ ಮುಂದಿನ ಅಡ್ಡದವರೆಗೆ ಎಷ್ಟು ಸೆಂಟಿಮೀಟರು ಇದೆ ಎಂದು ಮೊದಲೇ ಬರೆದಿಡಿ.

ಕರೆಂಟಿನ ಲೆಕ್ಕ ಹೀಗೆ. ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್ ಬರುತ್ತದೆ, 6 ಪಿನ್ನಿನ ವಯರು 75 ವ್ಯಾಟ್, 8 ಪಿನ್ನಿನದ್ದು 150. ಜಿಟಿಎಕ್ಸ್ 1060ಕ್ಕೆ 120 ವ್ಯಾಟ್ ಸಾಕು. ಅದೇ ಕಂಪೆನಿಯ ಹೊಸ ಕಾರ್ಡುಗಳಾದ ಆರ್‌ಟಿಎಕ್ಸ್ 4060ಕ್ಕೆ 115, ಆರ್‌ಟಿಎಕ್ಸ್ 5060ಕ್ಕೆ 145, ಆರ್‌ಟಿಎಕ್ಸ್ 3060ಕ್ಕೆ 170, ಇಂಟೆಲ್ ಆರ್ಕ್ ಬಿ580ಕ್ಕೆ 190. ಹಳೆಯ ಪವರ್ ಸಪ್ಲೈಯಲ್ಲಿ 6 ಪಿನ್ ಮಾತ್ರ ಇದ್ದರೆ, ಎರಡು ಮೊಲೆಕ್ಸ್ (ಹಳೇ ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ವಯರು) ಸೇರಿಸಿ 8 ಪಿನ್ ಮಾಡುವ ಅಗ್ಗದ ವಯರನ್ನು ಮಾತ್ರ ದಯವಿಟ್ಟು ಹಾಕಬೇಡಿ.

ಆರ್ಕ್ ಬಿ580 ಕಾಗದದಲ್ಲಿ ತುಂಬಾ ಚಂದ, 12 ಜಿಬಿ ಮೆಮೊರಿ ಇದೆ. ಆದರೆ ಅದಕ್ಕೆ ಪ್ರೊಸೆಸರಿಗೆ ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೇ ತೆರೆದುಕೊಡುವ ರೀಸೈಜೆಬಲ್ ಬಾರ್ ಎಂಬ ಸೌಲಭ್ಯ ಬೇಕೇ ಬೇಕು. ಇಂಟೆಲ್ ಹೇಳುವ ಪ್ರಕಾರ ಪ್ರೊಸೆಸರು 10ನೇ ತಲೆಮಾರಿನದ್ದಾದರೂ ಇರಬೇಕು. ನಮ್ಮ ಹುಡುಗನದ್ದು 8ನೆಯದು. ಆ ದಾರಿ ಅಲ್ಲಿಗೆ ಮುಚ್ಚಿತು. 4060 ಮತ್ತು 5060ರಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಅವು ಸ್ಲಾಟಿನ 16 ದಾರಿಗಳಲ್ಲಿ 8ನ್ನು ಮಾತ್ರ ಬಳಸುತ್ತವೆ. ಹೊಸ ಬೋರ್ಡಿನಲ್ಲಿ ಅದು ಲೆಕ್ಕಕ್ಕಿಲ್ಲ, ಆದರೆ ಸ್ಲಾಟಿನ ವೇಗ ಕಮ್ಮಿ ಇರುವ ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ಕಾರ್ಡಿನ ಮೆಮೊರಿ ತುಂಬಿ ರ‍್ಯಾಮಿಗೆ ಕೈಚಾಚುವ ಹೊತ್ತಿಗೆ ಇಕ್ಕಟ್ಟಾಗುತ್ತದೆ.

ಇನ್ನು ಯುಪಿಎಸ್. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್, 600 ಅಲ್ಲ. ನಾನು ಹಿಂದೊಮ್ಮೆ ಇದನ್ನು ಗಮನಿಸದೆ ದೊಡ್ಡ ಕಾರ್ಡು ಹಾಕಿದ್ದೆ. ಕರೆಂಟು ಹೋದ ಕ್ಷಣವೇ ಯುಪಿಎಸ್ ಒಂದು ಸಲ ಕಿರುಚಿ ಸುಮ್ಮನಾಯಿತು. ಎಡಿಟ್ ಮಾಡುತ್ತಿದ್ದ ಮದುವೆ ವಿಡಿಯೋವೂ ಅದರ ಜೊತೆಗೇ ಹೋಯಿತು. ಸಿಡಿಲಿನ ಬಗ್ಗೆ ಹೊಸತಾಗಿ ಹೇಳುವುದು ಏನಿದೆ, ತುಲಾ ತಿಂಗಳ ಮಧ್ಯಾಹ್ನಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಒಂದೇ ಮಾತು: ಪ್ಲಗ್ಗಿನ ಜೊತೆ ಮೋಡೆಮಿನಿಂದ ಬರುವ ಲ್ಯಾನ್ ವಯರನ್ನೂ ಕೀಳಿ. ಸಿಡಿಲಿಗೆ ಸುಟ್ಟದ್ದಕ್ಕೆ ವಾರಂಟಿ ಸಿಗುವುದಿಲ್ಲ.

ಹಂತ 6: ಕಾಯುವುದಾದರೆ ಯಾವುದಕ್ಕೆ?

ಈಗ ಉಳಿದ ಎರಡು ದೂರುಗಳಿಗೆ ಬರೋಣ.

ಡೂಮ್ ಓಡದೇ ಇರುವುದಕ್ಕೆ ಕಾರಣ ಕಾರ್ಡಿನ ವೇಗವಲ್ಲ. ಅದಕ್ಕೆ ರೇ ಟ್ರೇಸಿಂಗ್ (ಬೆಳಕಿನ ಕಿರಣದ ದಾರಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವುದು) ಯಂತ್ರಾಂಶವೇ ಬೇಕು, ಜಿಟಿಎಕ್ಸ್ 1060ರಲ್ಲಿ ಅದು ಇಲ್ಲ. ಸೆಟ್ಟಿಂಗ್ ಇಳಿಸಿ ಪ್ರಯೋಜನವಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮೂ ಹೀಗೆಯೇ. ಇಂಥ ಗೇಮುಗಳು ನಿಮಗೆ ಬೇಕೇ ಬೇಕು ಎಂದಾದರೆ ಕಾರ್ಡು ಬದಲಿಸದೆ ದಾರಿಯಿಲ್ಲ. ಆದರೆ ಇಲ್ಲೊಂದು ಗಂಟು ಉಂಟು. ಡೂಮ್‌ನ ಕನಿಷ್ಠ ಅಗತ್ಯದ ಪಟ್ಟಿಯಲ್ಲಿ 8 ಕೋರಿನ ಪ್ರೊಸೆಸರು ಮತ್ತು 16 ಜಿಬಿ ರ‍್ಯಾಮ್ ಕೂಡ ಬರೆದಿದೆ. ಇವನ ಐ5 8400ರಲ್ಲಿರುವುದು 6 ಕೋರ್. ಮೂವತ್ತು ಸಾವಿರವನ್ನೂ ಕಾರ್ಡಿಗೆ ಸುರಿದು ಮನೆಗೆ ಬಂದಿದ್ದರೆ ಗೇಮು ತೆರೆಯುತ್ತಿತ್ತೇನೋ, ಆಮೇಲೆ ಪ್ರೊಸೆಸರು ಕಾಲೆಳೆಯುತ್ತಿತ್ತು. ಗೇಮಿನ ಪುಟದಲ್ಲಿ ಕಾರ್ಡಿನ ಸಾಲು ಮಾತ್ರ ಓದಬೇಡಿ, ಎಲ್ಲ ಸಾಲೂ ಓದಿ.

ಯಕ್ಷಗಾನದ ವಿಡಿಯೋ ಕಥೆ ಇನ್ನೂ ಸ್ವಾರಸ್ಯ. ಗೆಳೆಯನ ಕ್ಯಾಮೆರಾ ತಂದು ರೆಕಾರ್ಡ್ ಮಾಡಿದ ಆಟಗಳು ಮಾತ್ರ ತಡವರಿಸುತ್ತಿದ್ದವು, ಮೊಬೈಲಿನಲ್ಲಿ ತೆಗೆದವು ಸರಾಗ. ನೋಡಿದರೆ ಆ ಕ್ಯಾಮೆರಾ ಬಣ್ಣದ ಮಾಹಿತಿ ಹೆಚ್ಚಿರುವ 10 ಬಿಟ್ 4:2:2 ಎಂಬ ಬಗೆಯಲ್ಲಿ, ಎಚ್.265 ಎಂಬ ಕುಗ್ಗಿಸುವ ಪದ್ಧತಿಯಲ್ಲಿ ವಿಡಿಯೋ ಬರೆಯುತ್ತದೆ. ಇದನ್ನು ಬಿಡಿಸಿ ಓದುವ ಯಂತ್ರಾಂಶ ಎನ್‌ವಿಡಿಯಾದ 50 ಸರಣಿಗಿಂತ ಹಿಂದಿನ ಗೇಮಿಂಗ್ ಕಾರ್ಡುಗಳಲ್ಲಿ ಇಲ್ಲ. 4060 ಅಥವಾ ಸೆಕೆಂಡ್ ಹ್ಯಾಂಡ್ 3060 ತಂದಿದ್ದರೆ ಈ ಒಂದು ದೂರು ಹಾಗೇ ಉಳಿಯುತ್ತಿತ್ತು, ಹೊಸ ಕಾರ್ಡಿಗೇ ಬೈಯುತ್ತಿದ್ದ. ಇಂಟೆಲಿನ 11ನೇ ತಲೆಮಾರಿನಿಂದೀಚೆಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ಈ ಸೌಲಭ್ಯ ಇದೆ ಎನ್ನುವುದು ಬೇರೆ ಮಾತು. ಸದ್ಯಕ್ಕೆ ಪ್ರಾಕ್ಸಿ ಮಾಡುವುದು ಕಲಿಸಿಕೊಟ್ಟೆ. ಅಂದರೆ ಎಡಿಟಿಂಗ್ ಸಾಫ್ಟ್‌ವೇರೇ ಆ ಫೈಲುಗಳ ಹಗುರ ನಕಲು ಮಾಡಿಟ್ಟುಕೊಳ್ಳುತ್ತದೆ, ನಾವು ನಕಲಿನ ಮೇಲೆ ಕತ್ತರಿಸುತ್ತೇವೆ, ಕೊನೆಗೆ ಅದು ಮೂಲವನ್ನೇ ಬಳಸಿ ವಿಡಿಯೋ ಹೊರಡಿಸುತ್ತದೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಗ್ಗೆ ತಯಾರು.

ಇನ್ನು ಬೆಲೆ ಇಳಿಯಲಿ ಎಂದು ಕಾಯುವವರು. 2021ರಲ್ಲಿ ಕ್ರಿಪ್ಟೋ ಗಣಿಗಾರರು ಕಾರ್ಡುಗಳನ್ನೆಲ್ಲ ಬಾಚಿಕೊಂಡಾಗ ಕಾದವರೇ ಗೆದ್ದರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಗಣಿಗಾರಿಕೆಯ ಪದ್ಧತಿಯನ್ನೇ ಬಿಟ್ಟಿತು, ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. ಈಗಿನ ಗಾಳಿ ಬೇರೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಕ್ರೂಷಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪೆನಿ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಮಾಡುವವರೂ ಅದೇ ಮೂವರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಹಾಗಾಗಿ ಬೆಲೆಯೊಂದನ್ನೇ ನಂಬಿ ಕಾಯುವುದು ಈಗ ಜೂಜು. ದೀಪಾವಳಿ, ಓಣಂ ಆಫರಿಗೆ ಒಂದೆರಡು ತಿಂಗಳು ಕಾಯುವುದು ಬೇರೆ, ಅದಕ್ಕೆ ತಾರೀಕು ಉಂಟು.

ಡ್ರೈವರಿನ (ಕಾರ್ಡನ್ನು ಕಂಪ್ಯೂಟರಿಗೆ ಹೊಂದಿಸಿ ಓಡಿಸುವ ಸಾಫ್ಟ್‌ವೇರ್) ಗಡುವು ಕೂಡ ಲೆಕ್ಕಕ್ಕೆ ಬೇಕು. ಜಿಟಿಎಕ್ಸ್ 900 ಮತ್ತು 10 ಸರಣಿಗೆ ಹೊಸ ಗೇಮುಗಳಿಗಾಗಿ ಮಾಡುವ ಡ್ರೈವರನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಭದ್ರತೆಯ ಅಪ್‌ಡೇಟು ಮಾತ್ರ 2028ರ ಅಕ್ಟೋಬರಿನವರೆಗೆ ಬರುತ್ತದೆ. ಹಳೇ ಗೇಮುಗಳು ನಾಳೆ ನಿಂತುಹೋಗುವುದಿಲ್ಲ, ಹೆದರಬೇಡಿ.

ನನ್ನ ಲೆಕ್ಕ ಇಷ್ಟು. ದಿನಾ ಮಾಡುವ ಕೆಲಸದಲ್ಲೇ ಕಾರ್ಡು 99ಕ್ಕೆ ಮುಟ್ಟಿ, ಸೆಟ್ಟಿಂಗ್ ಇಳಿಸಿಯೂ ಆಗದಿದ್ದರೆ ತೆಗೆದುಕೊಳ್ಳಿ. ಪರದೆಯಲ್ಲಿ ಬಣ್ಣಬಣ್ಣದ ಚುಕ್ಕಿ, ಗೆರೆ ಬರಲು ಶುರುವಾಗಿದ್ದರೆ, ವಯರು ಬದಲಿಸಿಯೂ ಹೋಗದಿದ್ದರೆ ತೆಗೆದುಕೊಳ್ಳಿ. ಅದರಿಂದಲೇ ಸಂಪಾದನೆ ಇದ್ದು ದಿನಕ್ಕೊಂದು ಗಂಟೆ ಹಾಳಾಗುತ್ತಿದ್ದರೆ ಯೋಚಿಸಲೇ ಬೇಡಿ. ಉಳಿದವರು ತಾರೀಕು ಹಾಕಿ ಕಾಯಿರಿ.

ಹಂತ 7: ಅಂಗಡಿಯಲ್ಲಿ

ಮಂಗಳೂರಿನಲ್ಲಿ ತೆಗೆದುಕೊಂಡರೂ ಕಾಸರಗೋಡಿನಲ್ಲಿ ತೆಗೆದುಕೊಂಡರೂ ಜಿಎಸ್‌ಟಿ 18 ಶೇಕಡಾ. ತಲಪಾಡಿ ಗಡಿ ದಾಟಿದ ಮಾತ್ರಕ್ಕೆ ಅಗ್ಗವಾಗುವ ಕಾಲ ಮುಗಿದಿದೆ. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಸೀರಿಯಲ್ ನಂಬರು ಇರಲಿ. ಒಂದು ಅಂಗಡಿಯವರು ನನಗೆ ಎಸ್ಟಿಮೇಟು ಚೀಟಿ ಕೊಟ್ಟು "ಇದೇ ಸಾಕು, ಏನಾದರೂ ಆದರೆ ಇಲ್ಲಿಗೇ ತನ್ನಿ" ಎಂದಿದ್ದರು. ಒಂದೂವರೆ ವರ್ಷಕ್ಕೆ ಕಾರ್ಡು ಕೆಟ್ಟಾಗ ಅಂಗಡಿಯೇ ಇರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಆ ಚೀಟಿಯನ್ನು ಯಾರೂ ಮುಟ್ಟಿಯೂ ನೋಡಲಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಮಾರುವವರ ಮನೆಯಲ್ಲೇ ಹಾಕಿ ಓಡಿಸಿ ನೋಡಿ. ಜಿಪಿಯು-ಝಡ್ ಎಂಬ ಪುಟ್ಟ ಸಾಫ್ಟ್‌ವೇರ್ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಹಳೇ ಚಿಪ್ಪಿಗೆ ಬೇರೆ ಹೆಸರು ತುಂಬಿಸಿ 1060 ಎಂದು ಮಾರಿದ್ದುಂಟು, ಇದು ಹಿಡಿದುಕೊಡುತ್ತದೆ. ಎಎಂಡಿ ಆರ್‌ಎಕ್ಸ್ 580 ಎಂದರೆ ಶೇಡರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕ) 2304 ಇರಬೇಕು. 2048 ಎಂದು ಕಂಡರೆ ಅದು ಬಡ ತಮ್ಮ, ಬೆಲೆಯೂ ಹಾಗೇ ಇರಬೇಕು. ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ಸಾಫ್ಟ್‌ವೇರನ್ನು ಹದಿನೈದು ನಿಮಿಷ ಓಡಿಸಿ, ಶಾಖ ಮತ್ತು ಫ್ಯಾನಿನ ಸದ್ದು ಗಮನಿಸಿ. ಕಡಲ ಬದಿಯ ಮನೆಯ ಕಾರ್ಡಾದರೆ ಹಿಂದಿನ ಲೋಹದ ಪಟ್ಟಿ, ಎಚ್‌ಡಿಎಂಐ ಬಾಯಿ, ಸ್ಕ್ರೂಗಳ ಮೇಲೆ ತುಕ್ಕು ಇದೆಯಾ ನೋಡಿ. ಉಪ್ಪುಗಾಳಿ ಒಳಗೂ ಹೋಗಿರುತ್ತದೆ.

ಹುಡುಗ ಈಗ ಕಾಯುತ್ತಿದ್ದಾನೆ. ಗೋಡೆಯ ಪಂಚಾಂಗದಲ್ಲಿ ದೀಪಾವಳಿಯ ವಾರಕ್ಕೆ ಪೆನ್ನಿನಿಂದ ಗೋಲ ಹಾಕಿದ್ದಾನೆ. ಅಷ್ಟರೊಳಗೆ ಪ್ರೊಸೆಸರು, ಬೋರ್ಡಿಗೆ ಬಯಲಾಟದ ವಿಡಿಯೋಗಳಿಂದ ಸ್ವಲ್ಪ ದುಡ್ಡು ಕೂಡಿದರೆ ಎಲ್ಲ ಒಟ್ಟಿಗೆ, ಕೂಡದಿದ್ದರೆ 5060 ಒಂದೇ ತಂದು ಟೈಮ್‌ಲೈನಿನ ತೊಂದರೆಯಾದರೂ ಕಳೆಯುವುದು ಎಂದು ತೀರ್ಮಾನ. ಮೂವತ್ತು ಸಾವಿರ ಚಿಕ್ಕಮ್ಮನ ಕೈಯಲ್ಲೇ ಉಂಟು, ಅದು ಅವನಿಗೆ ಸಮಾಧಾನವಿಲ್ಲ. ನಿನ್ನೆ ಮತ್ತೆ ಫೋನು ಬಂತು: "ಅಣ್ಣ, ಟೇಪಿನಲ್ಲಿ ಅಳೆದೆ. ಇಪ್ಪತ್ತಾರು ಸೆಂಟಿಮೀಟರು ಜಾಗ ಉಂಟು. ಹಾರ್ಡ್ ಡಿಸ್ಕಿನ ಗೂಡು ಬಿಚ್ಚಿದರೆ ಮೂವತ್ತೆರಡು. ಬಿಚ್ಚುವುದಾ?"